ಗೆರೆಯಾಚೆ ನಿಂತ ಕಾಕಾ

ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಊರೆಲ್ಲ ಬೈಯುತ್ತದೆ. ಖುಷಿಪಡುತ್ತಿದ್ದವನು ನಾನೊಬ್ಬನೇ. ನಾನು ಮಂದಿಯ ಧ್ವನಿ ಅಣಕಿಸುವವನು. ಮಗ್ಗಗಳು ಓಡುತ್ತಿರುವಾಗ ನನ್ನ ವಿದ್ಯೆಗೆ ಕವಡೆ ಕಿಮ್ಮತ್ತಿಲ್ಲ. ನಮ್ಮ ಶೆಡ್ಡಿನೊಳಗೆ ಬೆಳಗಿನಿಂದ ಸಂಜೆತನಕ ಆ ಖಟಾಖಟಾ ನಿಲ್ಲುವುದಿಲ್ಲ. ಪಕ್ಕದವನ ಕಿವಿಗೆ ಬಾಯಿಟ್ಟು ಒದರಿದರೂ ಕೇಳಿಸದು. ಅದಕ್ಕೇ ಅಲ್ಲಿ ಯಾರೂ ಗಂಟಲು ಬಳಸುವುದಿಲ್ಲ. ಬರೀ ತುಟಿ ಅಲ್ಲಾಡಿಸುತ್ತೇವೆ, ಎದುರಿನವನು ನೋಡಿ ತಿಳಿದುಕೊಳ್ಳುತ್ತಾನೆ. ದಾರ ಹರಿಯಿತು, ಚಹಾ ಬಂತು, ಮಾಲಕ ಬಂದ, ಎಲ್ಲ ಸುದ್ದಿಯೂ ತುಟಿಯ ಮೇಲೆಯೇ.

ಕರೆಂಟ್ ಹೋದಕೂಡಲೇ ಎಲ್ಲರೂ ಎದುರಿನ ಚಹಾದಂಗಡಿಗೆ ನುಗ್ಗುತ್ತಿದ್ದೆವು. ಕಿವಿಯೊಳಗೆ ಮಗ್ಗದ ಗುಂಯ್‌ಗುಡುವಿಕೆ ಇನ್ನೂ ಇರುತ್ತಿದ್ದುದರಿಂದ ಅಲ್ಲಿ ಪ್ರತಿಯೊಬ್ಬನೂ ಒದರಿಯೇ ಮಾತಾಡುವುದು. ಹೊರಗಿನಿಂದ ಬಂದವರು ಹೊಡೆದಾಟ ಅಂದುಕೊಂಡು ದಾಟಿ ಹೋಗುತ್ತಾರೆ. ಹೊಡೆದಾಟವಲ್ಲ, ನಮ್ಮ ಕಬಡ್ಡಿ ಟೀಮಿನ ಚರ್ಚೆ. ಎರಡರ ನಡುವೆ ಬಹಳ ಅಂತರವೂ ಇರಲಿಲ್ಲ ಅನ್ನಿ. ಟೀಮು ಜಮಖಂಡಿಯಲ್ಲಿ ಸೋತಿತ್ತು, ಬೀಳಗಿಯಲ್ಲಿ ಸೋತಿತ್ತು. ಚಿಮ್ಮಡದಲ್ಲಂತೂ ಹಿಂದಿನ ದಿನವಷ್ಟೇ ಕೂಡಿಕೊಂಡ ಹುಡುಗರ ಕೈಲಿ ಮಣ್ಣು ಮುಕ್ಕಿತ್ತು.

ಚಹಾದಂಗಡಿಯ ಮಾವ ಹರೆಯದಲ್ಲಿ ಎಡಗಡೆಯ ಕಾರ್ನರ್ ಆಡಿದವನು. ಈಗಲೂ ಸ್ಟವ್ ಮುಂದೆ ಸೊಂಟ ಬಗ್ಗಿಸಿ, ಹಾಲಿನ ಪಾತೇಲಿಯ ಕಾಲು ಹಿಡಿಯುವವನಂತೆಯೇ ನಿಲ್ಲುತ್ತಾನೆ. ಅವನ ಎದುರಾಳಿ ಪಕ್ಕದ ಮೊಬೈಲ್ ಅಂಗಡಿಯ ಅಣ್ಣ. ಪ್ರತಿ ರೇಡನ್ನೂ ಫೋನಿನಲ್ಲಿ ಹಿಡಿದು, ಯಾರು ಎಷ್ಟು ಸಲ ಬರಿಗೈಲಿ ಬಂದ ಅಂತ ಲೆಕ್ಕ ತೆಗೆಯುವುದು ಅವನ ಚಟ.

"ಮಾವಾ, ಶೇಕಡಾ ನೋಡ್ರಿ, ಶೇಕಡಾ!"

"ನಿನ್ನ ಶೇಕಡಾ ಅಂಕಣದಾಗ ಇಳದು ಯಾರದರ ಕಾಲ ಹಿಡೀತೈತೇನಲೇ?"

ಇವರಿಬ್ಬರ ನಡುವೆ ಮೂರನೆಯ ಪಕ್ಷವಾಗಿ, ಇಬ್ಬರನ್ನೂ ಬೈಯುತ್ತ ಕೂತಿರುತ್ತಿದ್ದವನು ಕಾಕಾ. ನಮ್ಮ ಶೆಡ್ಡಿನ ಹಿರಿಯ ನೇಕಾರ. ಅವನ ಮಗ ಟೀಮಿನ ರೇಡರ್. ಅಪ್ಪ, ಮಗ, ನಾನು ಒಂದೇ ಸಾಲಿನ ಮಗ್ಗದವರು. ಕಾಕಾನ ಧ್ವನಿ ಗಂಟಲಲ್ಲಿ ಅರಳೆ ಸಿಕ್ಕವರ ಧ್ವನಿ: ಕೆಳಗೆ ಕೆರೆಯುತ್ತ ಹುಟ್ಟಿ, ಮೇಲೆ ಹೋಗಿ ಫಟ್ ಎಂದು ಒಡೆಯುವುದು. ಪಂದ್ಯ ಯಾವ ಊರಲ್ಲೇ ಇರಲಿ, ಮಗ ರೇಡಿಗೆ ಇಳಿದಾಗ ಅದು ಕೇಳಲೇಬೇಕು: "ಒಳಗ ಹೋಗಲೇ! ಒಳಗ!" ಅವನು ನಮ್ಮೊಡನೆ ಕೂರುತ್ತಿರಲಿಲ್ಲ. ಎದುರಾಳಿಗಳ ಬೆನ್ನ ಹಿಂದಿನ ಗೆರೆಯ ಆಚೆ ಒಬ್ಬನೇ ನಿಲ್ಲುತ್ತಿದ್ದ. ಅರ್ಧ ಆಟ ಮುಗಿದು ಟೀಮುಗಳು ಜಾಗ ಬದಲಿಸಿದಾಗ ತಲೆಯ ಮೇಲೊಂದು ಟವೆಲ್ ಹಾಕಿಕೊಂಡು, ಕುಂಟುತ್ತ ಮೈದಾನ ಸುತ್ತಿ ಇನ್ನೊಂದು ತುದಿಗೆ ಹೋಗುತ್ತಿದ್ದ. ನೆರಳು ಹುಡುಕುತ್ತಾನೆ ಅಂದುಕೊಂಡು ನಾವು ನಗುತ್ತಿದ್ದೆವು. ಆ ಕುಂಟುನಡಿಗೆಯನ್ನೂ ಕೆಮ್ಮನ್ನೂ ನಾನು ಮಾಡಿ ತೋರಿಸುತ್ತಿದ್ದೆ.

ಅವನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ. "ಲೇ, ನನಕಿಂತ ಛಲೋ ಕೆಮ್ಮತೀಯಲ್ಲೋ! ನಾಳಿ ದವಾಖಾನಿಗೆ ನನ್ನ ಬದಲಿ ನೀನ ಹೋಗಿ ಬಾ."

ಬೇಸಿಗೆ ಕಳೆಯುವ ಮುಂಚೆ ಕಾಕಾ ಹೋದ.

ಅದಾದ ಮೇಲೆ ಕರೆಂಟ್ ಹೋದ ಮೊದಲ ದಿನ ಅಂಗಡಿಯಲ್ಲಿ ಯಾರಿಗೂ ಜಗಳ ಹತ್ತಲಿಲ್ಲ. ಮಾವ ಒಂದು ಮಾತು ಅಂದ, ಮೊಬೈಲ್ ಅಣ್ಣ ಒಂದು ಅಂದ, ಅಷ್ಟಕ್ಕೇ ನಿಂತಿತು. ಬೈಯುವವನೇ ಇಲ್ಲದ ಮೇಲೆ ವಾದಕ್ಕೆ ರುಚಿ ಎಲ್ಲಿಂದ ಬರಬೇಕು? ಕೊನೆಗೆ ಮೊಬೈಲ್ ಅಣ್ಣ ನನ್ನ ಕಡೆ ತಿರುಗಿದ. "ಕಾಕಾ ಇದ್ದಿದ್ರ ಏನಂತಿದ್ದ? ಮಾಡಿ ತೋರಸಲೇ."

ಕರೆಯದೇ ಬರುವವನು ನಾನು, ಕರೆದರೆ ಬಿಡುತ್ತೇನೆಯೇ? ಗಂಟಲು ಕೆರೆದು ಬಿಟ್ಟೆ: "ಶಾಣ್ಯಾ ಅದೀರಿ ಇಬ್ರೂ! ಸುಮ್ನ ಚಹಾ ಕುಡೀರಿ!"

ನಗು ಬರುತ್ತದೆ ಅಂತ ಕಾದೆ, ಬರಲಿಲ್ಲ. ಮಾವನ ಕೈ ತಾನೇ ಹೋಗಿ, ಹಿಂದಿನ ಸಾಲಿನಲ್ಲಿದ್ದ ದಪ್ಪನೆಯ ಗ್ಲಾಸು ತೆಗೆದು ಸಕ್ಕರೆಯಿಲ್ಲದ ಚಹಾ ಸುರಿಯಿತು. ಅದು ಕಾಕಾನ ಗ್ಲಾಸು. ಸುರಿದಾದ ಮೇಲೆ ಮಾವ ಅದನ್ನೇ ನೋಡುತ್ತ ನಿಂತ. ಚೆಲ್ಲಲಿಕ್ಕೆ ಅವನಿಗೂ ಮನಸ್ಸಾಗಲಿಲ್ಲ, ಕುಡಿಯಲಿಕ್ಕೆ ನಮಗೂ ಧೈರ್ಯವಾಗಲಿಲ್ಲ. ಕರೆಂಟ್ ಬಂದು ನಾವು ಎದ್ದಾಗಲೂ ಅದು ಅಲ್ಲೇ ಕೆನೆಗಟ್ಟಿ ಕೂತಿತ್ತು.

ಅಂದಿನಿಂದ ಆ ಧ್ವನಿ ನನ್ನೊಳಗೆ ಮನೆ ಮಾಡಿಕೊಂಡಿತು. ಬೇರೆಯವರ ಧ್ವನಿಗಳು ನಾನು ಕರೆದರೆ ಬರುತ್ತವೆ, ಕೆಲಸ ಮುಗಿದರೆ ಹೋಗುತ್ತವೆ. ಇದು ಕರೆಯದೇ ಬರುತ್ತಿತ್ತು. ಭಜಿ ಕಟ್ಟಿಸುವಾಗ ಬಂತು, ಬಸ್ಸಿನಲ್ಲಿ ರಬಕವಿಗೆ ಟಿಕೆಟ್ ಕೇಳುವಾಗ ಬಂತು. ಒಮ್ಮೆ ಮನೆಯಲ್ಲಿ ನೀರು ಕೇಳುವಾಗ ಬಂತು, ಅವ್ವ ಬೆಚ್ಚಿ ತಂಬಿಗೆ ಕೆಡವಿದಳು. "ಸತ್ತವ್ರ ದನಿ ಮನಿಯಾಗ ತರಬ್ಯಾಡೋ!" ಅದಕ್ಕಿಂತ ವಿಚಿತ್ರವೆಂದರೆ ಆ ಧ್ವನಿಗೆ ತನ್ನದೇ ಅಭಿಪ್ರಾಯಗಳಿದ್ದವು. ಎಡಗಡೆಯ ಕಾರ್ನರ್ ಬದಲಿಸಬೇಕು ಅನ್ನುವುದು ನನ್ನ ವಾದ. ಅಂಗಡಿಯಲ್ಲಿ ಕಾಕಾನ ಧ್ವನಿ ತೆಗೆದರೆ ಅದು ಆ ವಾದವನ್ನೇ ಚಿಂದಿ ಮಾಡುತ್ತಿತ್ತು, ಎಲ್ಲರೂ ಅದರ ಪರ ತಲೆಯಾಡಿಸುತ್ತಿದ್ದರು. ನನ್ನ ಬಾಯಿಂದಲೇ ನಾನು ಸೋಲುತ್ತಿದ್ದೆ. ನನ್ನಂಥ ಬಾಯಿಬಡುಕನಿಗೆ ಇದಕ್ಕಿಂತ ಶಿಕ್ಷೆ ಬೇಕೇ?

ಆದರೆ ಆಗಿನ ದೊಡ್ಡ ಪ್ರಶ್ನೆ ಕಾರ್ನರಿನದಲ್ಲ, ಕಾಕಾನ ಮಗನದು. ಅಪ್ಪ ಹೋದ ಮೇಲೆ ಅವನು ರೇಡಿನಲ್ಲಿ ನಿಂತುಬಿಡುತ್ತಿದ್ದ. ಕಬಡ್ಡಿ ಕಬಡ್ಡಿ ಎನ್ನುತ್ತ ನಡುಗೆರೆ ದಾಟುತ್ತಿದ್ದ. ಎದುರಿನವರ ತಲೆಯ ಮೇಲಿಂದ ಎಲ್ಲೋ ನೋಡುತ್ತ ಕಾಲು ಕಿತ್ತಿಡದೆ ನಿಲ್ಲುತ್ತಿದ್ದ. ಅವರು ಬಂದು ಹಿಡಿಯುತ್ತಿದ್ದರು, ಹೊಲದಲ್ಲಿ ನಿಂತ ಎತ್ತನ್ನು ಹಿಡಿದಷ್ಟು ಸಲೀಸಾಗಿ.

"ಮುಧೋಳದ ಆಟಕ್ಕ ಅವನ್ನ ಕೈಬಿಡೂದ," ಅಂದ ಮೊಬೈಲ್ ಅಣ್ಣ. "ಮೊದಲ ಒಂದೊಂದ ಪಾಯಿಂಟ್ ತಗೊಂಡು ಹೊಳ್ಳಿ ಬರ್ತಿದ್ದ. ಅದ್ಯಾಕ ಒಂದ ತರ್ತಾನ, ಎರಡ್ಯಾಕ ತರೂದಿಲ್ಲ ಅಂತ ನಾ ಆವಾಗ ಕೇಳ್ತಿದ್ದೆ. ಈಗ ಅದೂ ಇಲ್ರಿ."

"ತಾಯಿ ಬಿಟ್ಟ ಕರುವಿನಂಗ ಆಗೇತಿ ಅದು. ಇನ್ನೊಂದು ಆಟ ಕೊಡ್ರಿ," ಅಂದ ಮಾವ.

ಮಗ ಅಂಗಡಿಯ ಹೊರಗೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಮಗ್ಗಕ್ಕೆ ಮರಳುವಾಗ ನನ್ನ ತೋಳು ಹಿಡಿದ. "ಟೀಮಿನಿಂದ ತಗದ್ರ ತಗೀಲಿ ಅನ್ನೂದು ನನಗ ಆಗೂದಿಲ್ಲೋ. ಮನಿಯಾಗ ಅಪ್ಪ ಇಲ್ಲ, ಮಗ್ಗದಾಗ ಇಲ್ಲ. ಅಂಕಣಕ್ಕ ಇಳದಾಗ ಅಷ್ಟ, ಇಲ್ಲೇ ಎಲ್ಲೋ ಅದಾನ ಅನಸತೈತಿ. ಅದೂ ಹ್ವಾದ್ರ ಮುಗೀತು."

ಈ ಮಾತನ್ನು ನಾನು ಮಾವನಿಗೂ ಮೊಬೈಲ್ ಅಣ್ಣನಿಗೂ ಮುಟ್ಟಿಸಿದೆ. ಜನ್ಮದಲ್ಲಿ ಒಂದು ಮಾತಿಗೆ ಒಪ್ಪದ ಇಬ್ಬರೂ ಒಂದೇ ಉಸಿರಿಗೆ ಒಪ್ಪಿದರು: ಮುಧೋಳದಲ್ಲಿ ಅವನು ರೇಡಿಗೆ ಇಳಿದಾಗ ನಾನು ಕಾಕಾನಾಗಿ ಕೂಗಬೇಕು. ಅದೇ ಧ್ವನಿ, ಅದೇ ಮಾತು. ಮಗನಿಗೆ ಹೇಳುವುದು ಬೇಡ.

ಮುಧೋಳದಲ್ಲಿ ನಮ್ಮೂರ ಜನ ಒತ್ತೊತ್ತಾಗಿ ಕೂತಿದ್ದರು. ನಾನು ಅವರೆಲ್ಲರ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಅಡಗಿ ನಿಂತೆ. ಅವನು ಇಳಿದ, ದಾಟಿದ, ನಿಂತ. ನಾನು ಉಸಿರು ತುಂಬಿಕೊಂಡು ಬಿಟ್ಟೆ: "ಒಳಗ ಹೋಗಲೇ! ಒಳಗ!"

ಅಷ್ಟು ಖರೆ ನಾನು ಎಂದೂ ಮಾಡಿರಲಿಲ್ಲ. ನಮ್ಮ ಜನರ ಗದ್ದಲ ಕತ್ತರಿಸಿದ ಹಾಗೆ ನಿಂತುಹೋಯಿತು. ಯಾರೂ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಯಾರು ಕಂಡಾರು ಅನ್ನುವ ಹೆದರಿಕೆ ಅವರ ಹೆಗಲುಗಳಲ್ಲಿ ಕಾಣುತ್ತಿತ್ತು. ನನಗೇ ಪಕ್ಕಕ್ಕೆ ಕಣ್ಣು ಹಾಯಿಸುವ ಧೈರ್ಯವಾಗಲಿಲ್ಲ. ಊರಿಗೆ ಊರೇ ಕಲ್ಲಾದರೂ ಮಗ ಮಾತ್ರ ಏನೂ ಕೇಳದವನಂತೆ ಮೊದಲಿನ ಹಾಗೆಯೇ ದೂರ ನೋಡುತ್ತಿದ್ದ. ಹಿಡಿದರು. ಅವನ ಕಬಡ್ಡಿ ಅರ್ಧಕ್ಕೆ ತುಂಡಾಯಿತು.

ವಾಪಸು ಬರುವಾಗ ಟೆಂಪೋದ ಹಿಂಬದಿಯಲ್ಲಿ ನಾನೂ ಕಾಕಾನ ಮಗನೂ ಇಬ್ಬರೇ ಅಕ್ಕಪಕ್ಕ ಕೂತೆವು. ಎರಡೂ ಕಡೆ ಕಬ್ಬು, ಅದರ ಮೇಲೆ ಸಂಜೆಯ ಬಿಸಿಲು.

"ನೀನ ಒದರಿದ್ದಿ ಅಲಾ?" ಅಂದ.

"ಕೇಳಿತೇನು?"

"ಇಲ್ಲೋ. ಎಲ್ಲಾರೂ ಆಮ್ಯಾಲ ಹೇಳಿದ್ರು. ಉಸರ ಹಿಡದು ಇಳದಾಗ ನನಗ ಏನೂ ಕೇಳೂದಿಲ್ಲ. ಮಗ್ಗದಾಗ ನಿಂತಂಗ ಅಕ್ಕೈತಿ. ನಾ ಅಪ್ಪನ ಬಾಯಿ ನೋಡ್ತಿದ್ದೆ."

ಮಗ್ಗದ ನಡುವೆ ಬೆಳೆದ, ದಿನವಿಡೀ ತುಟಿ ನೋಡಿಯೇ ಬದುಕುವ ನನಗೆ ಇದು ಹೊಳೆದಿರಲಿಲ್ಲ. ನನ್ನ ಗಂಟಲ ಮೇಲೆ ನನಗೆ ಅಷ್ಟು ಪ್ರೀತಿ. ಕಾಕಾ ಮೈದಾನ ಸುತ್ತಿ ತುದಿ ಬದಲಿಸುತ್ತಿದ್ದದ್ದು ನೆರಳಿಗಲ್ಲ, ಮಗನ ಎದುರಿಗೆ ನಿಲ್ಲಲಿಕ್ಕೆ.

"ಆದ್ರ ಒಳಗ ಹೋಗು ಅಂತ..."

"ಅದು ಎದುರಿನ ಟೀಮಿನವ್ರಿಗೆ. ಅದನ್ನ ಕೇಳಿ ಅವ್ರು ಹಿಡಿಯಾಕ ಒಂದ ಹೆಜ್ಜಿ ಮುಂದ ಬರ್ತಿದ್ರು. ಆವಾಗ ಒಬ್ಬನ್ನ ಮುಟ್ತಿದ್ದೆ. ಆಮ್ಯಾಲ ಅಪ್ಪ ದನಿ ಇಲ್ದ ಬಾಯಿ ಅಲ್ಲಾಡಸ್ತಿದ್ದ. ಸಾಕು, ಬಾ. ಅಷ್ಟ."

ನಾವೆಲ್ಲ ವರ್ಷಗಟ್ಟಲೆ ಒದರಾಡಿ ಚರ್ಚಿಸಿದ್ದು ಎದುರಾಳಿಯನ್ನು ಮೋಸ ಮಾಡಲಿಕ್ಕೆ ಕೂಗಿದ ಮಾತನ್ನು. ನಿಜವಾದ ಮಾತು ನಮ್ಮ ಕಿವಿಗೆ ಬಿದ್ದೇ ಇರಲಿಲ್ಲ. ಟೆಂಪೋ ಕುಣಿಯುತ್ತಿತ್ತು.

ಅವನು ನನ್ನ ಮುಖ ನೋಡದೆ ಕೇಳಿದ. "ಅಪ್ಪನ ಬಾಯಿ ಮಾಡಾಕ ಬರತೈತೇನು ನಿನಗ?"

ಬಾಯಿ ಅಣಕಿಸುವುದು ಧ್ವನಿ ಅಣಕಿಸಿದಷ್ಟು ಹಗುರವಲ್ಲ. ಕನ್ನಡಿಯ ಮುಂದೆ ನಿಂತು ಕಲಿತೆ. ಕಾಕಾನ ಎಡಗೆನ್ನೆಯಲ್ಲಿ ಯಾವಾಗಲೂ ತಂಬಾಕು ಇರುತ್ತಿತ್ತು, ಅದಕ್ಕೇ ಬಾಯಿ ಬಲಕ್ಕೆ ಸೊಟ್ಟಗಾಗುವುದು. 'ಬಾ' ಅನ್ನುವಾಗ ಕೆಳತುಟಿ ತಡವಾಗಿ ಬಿಡುವುದು. ಕೆನ್ನೆಗೆ ನಾಲಿಗೆ ಒತ್ತಿ, ತುಟಿ ಸೊಟ್ಟ ಮಾಡಿ ನೋಡಿದೆ. ಕನ್ನಡಿಯಲ್ಲಿ ನನ್ನ ಕಣ್ಣು, ನನ್ನ ಮೂಗು, ಅವುಗಳ ಕೆಳಗೆ ಸತ್ತವನ ಬಾಯಿ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಮುಂದಿನ ಪಂದ್ಯ ಸಾವಳಗಿಯಲ್ಲಿ. ಮಾವ ಕೈಮುಗಿದು ಕೇಳಿಕೊಂಡದ್ದಕ್ಕೆ ಕಾಕಾನ ಮಗನನ್ನು ಬದಲಿ ಆಟಗಾರ ಅಂತ ಕರೆದುಕೊಂಡು ಹೋದರು. ಬೇಕಾದರೆ ಇಳಿಸುವುದು, ಇವತ್ತು ಆಗದಿದ್ದರೆ ಮುಗಿಯಿತು ಅಂತ ಮೊಬೈಲ್ ಅಣ್ಣ ಎಲ್ಲರೆದುರು ಹೇಳಿಯೇಬಿಟ್ಟಿದ್ದ. ಆಟ ಮುಗಿಯುವ ಹೊತ್ತಿಗೆ ನಮ್ಮ ಇನ್ನೊಬ್ಬ ರೇಡರ್‌ನ ಕಾಲು ಉಳುಕಿ, ಇವನು ಬೇಕಾಗಿಯೇಬಿಟ್ಟ.

ನಾನು ಮೈದಾನ ಸುತ್ತಿ ಎದುರಾಳಿಗಳ ಬೆನ್ನ ಹಿಂದೆ, ಸಾವಳಗಿಯವರ ನಡುವೆ ಹೋಗಿ ಗೆರೆಯ ಆಚೆ ನಿಂತೆ. ಅವನು ನಡುಗೆರೆ ದಾಟಿದ. ನಾನು ಮೊದಲು ಕೂಗಿದೆ: "ಒಳಗ ಹೋಗಲೇ! ಒಳಗ!" ಸಾವಳಗಿಯ ಹುಡುಗರು ಹಿಡಿಯಲು ಮುಂದೆ ಸರಿದರು. ಅವನ ಕೈ ಬೀಸಿ ಒಬ್ಬನ ಹೆಗಲು ಮುಟ್ಟಿತು. ಒಂದು ಪಾಯಿಂಟ್. ಅವನ ಕಣ್ಣು ಎದ್ದು ನನ್ನ ಮೇಲೆ ಬಿತ್ತು.

ನಾನು ಧ್ವನಿಯಿಲ್ಲದೆ ತುಟಿ ಅಲ್ಲಾಡಿಸಿದೆ. ಸಾಕು, ಬಾ.

"ಇಂವ ಈಗ ಒದರಿದ್ನಲ್ಲ, ಒಮ್ಮೆಲೆ ಮೂಗ ಆದನೇನಪಾ?" ಅಂತ ನನ್ನ ಪಕ್ಕದವನು ಇನ್ನೊಬ್ಬನಿಗೆ ಅಂದ.

ಮಗ ನನ್ನನ್ನೇ ನೋಡುತ್ತಿದ್ದ. ನನ್ನನ್ನಲ್ಲ, ನನ್ನ ಬಾಯನ್ನು. ಕಬಡ್ಡಿ ಕಬಡ್ಡಿ ಅನ್ನುತ್ತಲೇ ಒಂದು ಹೆಜ್ಜೆ ಹಿಂದಿಟ್ಟ. ಅವನ ಮುಖ ಒಂದು ಗಳಿಗೆ ಸಣ್ಣ ಹುಡುಗನದಾಯಿತು. ಆಮೇಲೆ ಏನಾಯಿತೋ, ತಲೆ ಅಲ್ಲಾಡಿಸಿದ. ಇಲ್ಲ ಅಂತ. ನನ್ನಿಂದ ಕಣ್ಣು ಕಿತ್ತು ಬಲಗಡೆಯ ಕಾರ್ನರ್‌ನ ಮೇಲೆಯೇ ನುಗ್ಗಿದ. ಅಪ್ಪ ಇದ್ದಾಗ ಎಂದೂ ಹೋಗದ ಜಾಗಕ್ಕೆ. ಅವರು ಕಾಲು ಹಿಡಿದರು, ಸೊಂಟಕ್ಕೆ ಬಿದ್ದರು. ಮೈಮೇಲೆ ರಾಶಿ ಜನ ಹೊತ್ತುಕೊಂಡೇ ಅವನು ಎಳೆದ, ಚಾಚಿದ, ಬೆರಳು ನಡುಗೆರೆ ಮುಟ್ಟಿದವು.

ಆ ಆಟವನ್ನೂ ನಾವು ಸೋತೆವು. ಆದರೆ ಮೊಬೈಲ್ ಅಣ್ಣ ಫೋನು ಜೇಬಿಗಿಟ್ಟು, "ಇವನ ಹೆಸರು ಇನ್ನ ಟೀಮಿನಿಂದ ಯಾರೂ ತಗೀಬ್ಯಾಡ್ರಿ," ಅಂತ ಒದರಿದ್ದು ಮೈದಾನದ ಈ ತುದಿಗೂ ಕೇಳಿತು. ನಮ್ಮವರು ಮಗನನ್ನು ಎತ್ತಿಕೊಂಡಿದ್ದರು. ಅವನು ನಗುತ್ತಿದ್ದ. ನಾನಿದ್ದ ಕಡೆ ಮತ್ತೆ ನೋಡಲಿಲ್ಲ.

ಮಾವ ಒಬ್ಬನೇ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದ. ಬಂದು ಎದುರಿಗೆ ನಿಂತು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ನೀರು ಬಂದದ್ದು ಯಾಕೆ ಅಂತ ನನಗೆ ಮೊದಲು ತಿಳಿಯಲಿಲ್ಲ.

"ಸಾಕೋ ತಮ್ಮಾ. ಆಟ ಮುಗೀತು," ಅಂದ. "ಬಾಯಿ ಮುಚ್ಚು."

ಆಗ ಗೊತ್ತಾಯಿತು, ನನ್ನ ತುಟಿ ಕಾಕಾನ ಹಾಗೆ ಸೊಟ್ಟಗಾಗಿ ಇನ್ನೂ ಅಲ್ಲಾಡುತ್ತಿದೆ ಅಂತ. ಮುಚ್ಚಲಿಕ್ಕೆ ಬಾಯಿಗೆ ಕೈ ಅಡ್ಡ ಹಿಡಿಯಬೇಕಾಯಿತು.