ಕಿತ್ತಳೆ ಬುಟ್ಟಿ ಮುಗಿಯುವಷ್ಟರಲ್ಲಿ

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಳದಿ. ಕಿತ್ತಳೆ ಸಿಪ್ಪೆಯ ಎಣ್ಣೆ ಇಳಿದು ಇಳಿದು ಬಂದ ಬಣ್ಣ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಅವರು ನನ್ನ ಹಣೆಗೆ ವಿಭೂತಿ ಹಚ್ಚಿದರೆ ಅದರಲ್ಲೂ ಕಿತ್ತಳೆಯ ವಾಸನೆ.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆ ಕಡೆಯಿಂದ ಬಂದ ನಮ್ಮ ಕುಟುಂಬಕ್ಕೆ ಅಮ್ಮತ್ತಿಯಲ್ಲಿ ಕಿತ್ತಳೆ ಮಂಡಿ ಇತ್ತು. ಮಾವನವರು ಶಿವನ ಪಾದ ಸೇರಿದ ಮೇಲೆ ಅತ್ತೆಯೇ ಯಜಮಾನಿ. ದಿನಾ ಬೆಳಿಗ್ಗೆ ಅತ್ತೆಯ ಹಿರಿಮಗನಾದ ಬಾವ, ನಮ್ಮ ಯಜಮಾನರು, ಲೆಕ್ಕ ಬರೆಯುವ ರೈಟರು, ಲಾರಿ ಡ್ರೈವರು ಜಗುಲಿಯಲ್ಲಿ ಸೇರುತ್ತಿದ್ದರು. ಸೇರಿ ಏನು ಬಂತು? ನಾನು ಮೇಲಿಂದ ಮೇಲೆ ಕಾಫಿ ಕೊಡುತ್ತಿದ್ದೆ. ಯಾರದೋ ಮದುವೆ, ಯಾರದೋ ಜಗಳ ಎಲ್ಲ ಬರುತ್ತಿತ್ತು, ಲಾರಿ ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಬರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಹೀಗೇ ಮಾತಾಡುತ್ತಾ ಮಾತಾಡುತ್ತಾ ಒಂದು ಲೋಡು ಹಣ್ಣು ಮಂಡಿಯಲ್ಲೇ ಕೊಳೆಯಿತು.

ಮರುದಿನ ಅತ್ತೆ ಜಗುಲಿಯ ನಡುವೆ ಒಂದು ಬುಟ್ಟಿ ಹಣ್ಣು ತಂದಿಟ್ಟರು.

"ಕೈಯಲ್ಲಿ ಹಣ್ಣು ಆರಿಸಿ, ಬಾಯಲ್ಲಿ ಒಂದೇ ವಿಷಯ ಮಾತಾಡಿ. ಬುಟ್ಟಿ ಮುಗಿಯೋದ್ರೊಳಗೆ ಮಾತೂ ಮುಗೀಬೇಕು. ಕಾಫಿ ಆಮೇಲೆ."

"ಕಾಫಿ ಇಲ್ದೆ ತಲೆ ಓಡಲ್ಲ ಅಮ್ಮಾವ್ರೇ," ಎಂದರು ರೈಟರು.

"ಕುಡ್ದಾಗ ಎಲ್ಲಿಗೆ ಓಡ್ತಿತ್ತು?"

ಅಂದಿನಿಂದ ಲಾರಿ ಹೊತ್ತಿಗೆ ಸರಿಯಾಗಿ ಹೊರಡತೊಡಗಿತು. ನನಗೂ ಒಲೆಯ ಮುಂದೆ ಒಂದು ಗಳಿಗೆ ಪಂಚಾಕ್ಷರಿ ಜಪಿಸಲು ಬಿಡುವಾಯಿತು. ಶಿವ ಕೊಡುವುದು ಹೀಗೇ, ಚಿಟಿಕೆ ಚಿಟಿಕೆಯಾಗಿ.

ಒಂದು ದಿನ ಲಾರಿ ಮೈಸೂರಿಗೋ, ಮಾಕುಟ್ಟದ ಘಾಟಿ ಇಳಿದು ತಲಶೇರಿಗೋ ಎಂದು ಮಾತು ನಡೆದಿತ್ತು. ಬಾವ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು, "ಇದೆಲ್ಲ ಬೇಡ, ಮಂಡಿ ಪಾಲು ಮಾಡ್ಬಿಡವ್ವ" ಎಂದುಬಿಟ್ಟರು. ಬಾಗಿಲ ಹಿಂದೆ ನಾನು ಕೊರಳಿನ ಲಿಂಗ ಮುಟ್ಟಿಕೊಂಡು ನಿಂತೆ. ಮಂಡಿ ಒಡೆದರೆ ಮನೆಯೂ ಒಡೆಯುತ್ತದಲ್ಲ.

ಅತ್ತೆ ದನಿ ಏರಿಸಲಿಲ್ಲ. "ಆಗ್ಲಿ, ಮಾಡಾನ. ಈ ಬುಟ್ಟಿ ಲಾರೀದು. ಪಾಲಿಗೆ ಬೇರೆ ಬುಟ್ಟಿ."

ಲಾರಿ ಮೈಸೂರಿಗೆ ಹೊರಟ ಮೇಲೆ ಇನ್ನೊಂದು ಬುಟ್ಟಿ ತಂದು ಮಕ್ಕಳಿಬ್ಬರನ್ನೇ ಕೂರಿಸಿಕೊಂಡರು.

"ಏನಾಯ್ತು ಹೇಳು ದೊಡ್ಡೋನೇ."

"ನಾನು ಬಾಯಿ ತೆಗ್ದ್ರೆ ಇವನು ಮುಗ್ಸೋಕೆ ಬಿಡಲ್ಲ. ರೈಟರ ಮುಂದೆ ನಂಗೇನು ಬೆಲೆ?"

"ಹಂಗಲ್ಲ ಅಣ್ಣಾ..." ನಮ್ಮವರು ಶುರು ಮಾಡಿದರು.

"ನೋಡು, ಈಗ್ಲೂ!"

ಅತ್ತೆ ನಮ್ಮವರ ಕೈಗೆ ಒಂದು ಹಣ್ಣು ಕೊಟ್ಟರು. "ಸುಲಿ. ತೊಳೆ ಮೇಲೆ ನಾರು ಒಂದೂ ಇರಬಾರ್ದು. ಅಲ್ಲೀಗಂಟ ಬಾಯಿ ಬಿಡಬೇಡ."

ನಮ್ಮವರು ಸುಲಿಯುತ್ತಾ ಕೂತರು. ಬಾವ ಒಳಗಿದ್ದುದನ್ನೆಲ್ಲ ಹೇಳಿಕೊಂಡರು. ಕೊನೆಗೆ ಅತ್ತೆ, "ಅಣ್ಣಂಗೆ ಕೊಡು" ಎಂದರು. ಬಾವ ಒಂದು ತೊಳೆ ಬಾಯಿಗೆ ಹಾಕಿಕೊಂಡು, "ಥೂ, ಹುಳಿ ಕಣೋ" ಎಂದು ಮುಖ ಕಿವುಚಿ ನಕ್ಕರು. ಪಾಲಿನ ಮಾತು ಮತ್ತೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅತ್ತೆ ಲಿಂಗೈಕ್ಯರಾದ ದಿನ ಮನೆ ತುಂಬ ನೆಂಟರು. ಸಮಾಧಿ ಎಲ್ಲಿ, ಯಾರಿಗೆ ಹೇಳಿಕಳಿಸುವುದು ಎಂದು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಕಿತ್ತಳೆಯ ಕಾಲವಲ್ಲ. ಪೂಜೆಗೆ ಬಂದಿದ್ದ ಬಿಲ್ವಪತ್ರೆಯನ್ನು ಹಣ್ಣಿನ ಬುಟ್ಟಿಗೆ ಸುರಿದು ನಡುವೆ ಇಟ್ಟೆ. ಅಣ್ಣತಮ್ಮಂದಿರು ಏನೂ ಕೇಳದೆ ಬಂದು ಕೂತು ಪತ್ರೆ ಆರಿಸತೊಡಗಿದರು. ಗದ್ದಲ ಅಡಗಿತು. ಬಾವ ಮಾತು ತೆಗೆದರು. ಅರ್ಧಕ್ಕೇ ನಿಲ್ಲಿಸಿ ಕಣ್ಣೊರೆಸಿಕೊಂಡರು.

ಬಾಯಿ ತೆರೆಯಲಿದ್ದ ನಮ್ಮವರು ಒಂದು ಪತ್ರೆ ಎತ್ತಿಕೊಂಡು, ಅದರ ಧೂಳನ್ನು ಮೆಲ್ಲಗೆ ಒರೆಸುತ್ತಾ, ಅಣ್ಣನ ಮಾತು ಮುಗಿಯುವುದನ್ನು ಕಾದರು.