ಚಿಕ್ಕಮ್ಮನ ವೈರ್ ಪಟ್ಟಿ

ನಮ್ಮ ಆಫೀಸಿನ ಪ್ರತಿಯೊಂದು ಮೇಜಿನ ಕೆಳಗೂ ನನ್ನ ಚಿಕ್ಕಮ್ಮ ಮಾಡಿದ ತಪ್ಪೊಂದು ನೇತಾಡುತ್ತಿದೆ. ಗೇಣುದ್ದದ ಬಟ್ಟೆಯ ಪಟ್ಟಿ, ಒಂದು ತುದಿಗೆ ಹುಕ್ಕು, ಇನ್ನೊಂದು ತುದಿಗೆ ದಾರದ ಮೂರು ಕುಣಿಕೆ. ಲ್ಯಾಪ್‌ಟಾಪ್ ಚಾರ್ಜರಿನ ವೈರನ್ನು ಸುತ್ತಿ, ಹುಕ್ಕನ್ನು ಬೇಕಾದ ಕುಣಿಕೆಗೆ ಸಿಕ್ಕಿಸಿದರೆ ಮುಗಿಯಿತು. ಇದನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಎಲ್ಲರೂ ಯಶೋದಮ್ಮ ಎನ್ನುತ್ತಾರೆ. ಹಾಗೆ ಹೇಳಿಕೊಟ್ಟವಳು ನಾನೇ.

ಯಶೋದಮ್ಮ ನನ್ನ ಅಮ್ಮನ ತಂಗಿ. ಹಲಸೂರಿನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿರುತ್ತೇವೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹಸನ್ ಭಾಯಿಯ ಟೈಲರ್ ಅಂಗಡಿಯಿದೆ. ಅಲ್ಲಿ ಕಿಟಕಿ ಪಕ್ಕದ ಮಿಷನ್ನು ಇಪ್ಪತ್ತಾರು ವರ್ಷದಿಂದ ಚಿಕ್ಕಮ್ಮನದು. ಬೇರೆಯವರು ಅದರ ಮೇಲೆ ಕತ್ತರಿ ಇಟ್ಟರೂ ಸಹಿಸುವುದಿಲ್ಲ. ಗಂಡ ತೀರಿಕೊಂಡಾಗ ಹನ್ನೊಂದು ದಿನ ಕಳೆದು ಹನ್ನೆರಡನೇ ದಿನ ಹೋಗಿ ಅದರ ಮುಂದೆ ಕೂತವಳು ಅವಳು. ನಾಚಿಕೆ ಆಗಲ್ವಾ ಎಂದು ನೆಂಟರು ಆಡಿಕೊಂಡರು. ಆಡಿಕೊಂಡವರ ಮನೆಯ ಮದುವೆಗಳಿಗೆ ರವಿಕೆ ಹೊಲಿದುಕೊಟ್ಟವಳೂ ಅವಳೇ, ಇರಲಿ.

ಈ ಪಟ್ಟಿ ಹುಟ್ಟಿದ ಮಳೆಗಾಲದಲ್ಲಿ ಚಿಕ್ಕಮ್ಮನ ಕಣ್ಣು ಮಂಜಾಗುತ್ತಿತ್ತು. ನನಗೆ ಗೊತ್ತಿರಲಿಲ್ಲ. ಎದುರಿಗೇ ಕೂತು ದಿನಾ ಊಟ ಮಾಡುವವಳಿಗೆ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ಗೊತ್ತಿದ್ದುದು ಪಕ್ಕದ ಮಿಷನ್ನಿನ ಶರ್ಫುನ್ನೀಸಾ ಒಬ್ಬಳಿಗೆ. ಅವಳು ಬೆಳಿಗ್ಗೆ ಬಂದ ಕೂಡಲೇ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಚಿಕ್ಕಮ್ಮನ ಡಬ್ಬಿಯಲ್ಲಿಡುತ್ತಿದ್ದಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳು ಚಿಕ್ಕಮ್ಮ. ಹಿಂದೆ ಕಟಿಂಗ್ ಮಾಸ್ಟರ್ ಅಂಬಣ್ಣನವರ ಕಣ್ಣು ಹೋದಾಗ ಅಂಗಡಿಯವರೆಲ್ಲ ಸೇರಿ ಹಾರ ಹಾಕಿ ಮನೆಗೆ ಕಳಿಸಿದ್ದರು. ತನ್ನನ್ನೂ ಮಿಷನ್ನಿನಿಂದ ಎಬ್ಬಿಸುತ್ತಾರೆ ಎಂಬುದೊಂದೇ ಅವಳ ಭಯ.

ಆಗಲೇ ಒಂದು ನೃತ್ಯಶಾಲೆಯ ಉಡುಪುಗಳ ಆರ್ಡರ್ ಬಂತು. ಸೊಂಟದ ಹತ್ತಿರ ಸಿಕ್ಕಿಸುವ ಪಟ್ಟಿಗಳು ಚಿಕ್ಕಮ್ಮನ ಪಾಲಿಗೆ ಬಂದವು. ಒಂದು ರಾಶಿಗೆ ಹುಕ್ಕು, ಇನ್ನೊಂದು ರಾಶಿಗೆ ಕುಣಿಕೆ ಹಾಕಬೇಕು. ಎರಡೂ ಒಂದೇ ಕುಂಕುಮ ಬಣ್ಣ. ಮೊದಲ ವಾರ ಹುಕ್ಕು ಹಾಕಿದಳು. ಮುಂದಿನ ವಾರ ಹುಕ್ಕಿಲ್ಲದ ರಾಶಿ ಎಂದುಕೊಂಡು ಅದೇ ರಾಶಿಯನ್ನು ಎತ್ತಿಕೊಂಡು, ಇನ್ನೊಂದು ತುದಿಗೆ ಕುಣಿಕೆ ಹಾಕಿ ಮುಗಿಸಿದಳು. ಇನ್ನೂರ ನಲವತ್ತು ಪಟ್ಟಿ! ಶರ್ಫುನ್ನೀಸಾ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳಂತೆ. ಇಬ್ಬರೂ ಸೇರಿ ಯಾರಿಗೂ ಗೊತ್ತಾಗದ ಹಾಗೆ ಹೊಸ ಪಟ್ಟಿಗಳನ್ನು ಮಾಡಿಕೊಟ್ಟರು. ಹಾಳಾದವು ಒಂದು ಚೀಲದಲ್ಲಿ ನಮ್ಮ ಮನೆಗೆ ಬಂದವು.

"ಕಸದ ಗಾಡಿಗೆ ಹಾಕ್ಬಿಡೇ ಬೃಂದಾ, ನನ್ ಕಣ್ಮುಂದೆ ಇಡ್ಬೇಡ," ಎಂದಳು ಚಿಕ್ಕಮ್ಮ. ತಪ್ಪು ಹೊಲಿದುಬಿಟ್ಟೆ ಎಂದಷ್ಟೇ ಹೇಳಿದಳು. ವಯಸ್ಸಾಯಿತು, ಮರೆವು ಎಂದು ನಾನು ಅಂದುಕೊಂಡೆ. ಒಂದು ಹಿಡಿ ಪಟ್ಟಿಗಳನ್ನು ಬ್ಯಾಗಿಗೆ ತುರುಕಿಕೊಂಡೆ, ನನ್ನ ಚಾರ್ಜರಿನ ವೈರು ಸದಾ ಸಿಕ್ಕಾಗುತ್ತಿತ್ತು.

ಆಮೇಲೆ ಆಗಿದ್ದನ್ನು ನೆನೆದರೆ ಈಗಲೂ ತಲೆ ತಿರುಗುತ್ತದೆ. ಪಕ್ಕದ ಮೇಜಿನವಳು ಒಂದು ಕೇಳಿದಳು. ಅವಳ ಪಕ್ಕದವನು ಕೇಳದೆಯೇ ಎತ್ತಿಕೊಂಡ. ವಾರದೊಳಗೆ ಮನೆಯ ಚೀಲ ಪೂರ್ತಿ ಖಾಲಿ. ನಮ್ಮ ಅಡ್ಮಿನ್ ಮ್ಯಾನೇಜರ್ ಪ್ರೇಮ್‌ಕುಮಾರ್ ನನ್ನನ್ನು ಕರೆದರು. ಬೈಯಲಿಕ್ಕೆ ಎಂದುಕೊಂಡೇ ಹೋದೆ.

"ಬೃಂದಾ, ಇದನ್ನ ಎಲ್ಲಿ ತಗೊಂಡ್ರಿ? ಪ್ಲಾಸ್ಟಿಕ್ ಟೈ ಆದ್ರೆ ಪ್ರತೀ ಸಲ ಕಟ್ ಮಾಡ್ಬೇಕು. ಇದು ಸೂಪರ್ ಆಗಿದೆ ರೀ. ನಂಗೆ ನಾನೂರು ಬೇಕು."

ನಾನೂರು! ತಂದುಕೊಡುತ್ತೇನೆ ಎಂದುಬಿಟ್ಟೆ.

ಆ ಶನಿವಾರ ಚಿಕ್ಕಮ್ಮನ ಜೊತೆಯಲ್ಲೇ ಅಂಗಡಿಗೆ ಹೋಗಿ ಹಸನ್ ಭಾಯಿಯ ಮುಂದೆ ಪಟ್ಟಿ ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಇದು ಡಾನ್ಸ್ ಸ್ಕೂಲಿಂದಲ್ವಾ? ಎರಡೂ ಒಂದ್ರಲ್ಲೇ ಯಾಕೆ ಹಾಕಿದ್ದು?" ಎಂದರು. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಬೇಕು ಅಂತ್ಲೇ ಹಾಕಿದ್ದು ಭಾಯಿ. ಚಿಕ್ಕಮ್ಮಂದೇ ಐಡಿಯಾ."

ತಪ್ಪನ್ನು ಮುಚ್ಚಿ ಅವಳನ್ನು ಉಳಿಸಿದೆ ಎಂಬ ಹೆಮ್ಮೆ ನನಗೆ. ಚಿಕ್ಕಮ್ಮನನ್ನು ಆಪಾ, ಅಕ್ಕ, ಎಂದೇ ಕರೆಯುವ ಹಸನ್ ಭಾಯಿ ಅಂತೂ ಕುರ್ಚಿಯಿಂದ ಎದ್ದೇಬಿಟ್ಟರು. "ವಾಹ್ ಆಪಾ! ಇಷ್ಟ್ ವರ್ಷ ಈ ತಲೇನ ಎಲ್ಲಿ ಇಟ್ಟಿದ್ರಿ?" ಚಿಕ್ಕಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಹೊಗಳಿಕೆ ಹಿಡಿಸಲಿಲ್ಲವೇನೋ ಎಂದು ನಾನು ನಕ್ಕೆ.

ಎಂಟು ತಿಂಗಳಲ್ಲಿ ಆ ಅಂಗಡಿಯ ಆರು ಮಿಷನ್ನುಗಳು ಬರೀ ವೈರ್ ಪಟ್ಟಿ ಹೊಲಿಯತೊಡಗಿದವು. ಶಿವಾಜಿನಗರದ ಸ್ಟೇಷನರಿ ಅಂಗಡಿಗಳಲ್ಲಿ ಪೆನ್ನು, ಸ್ಟೇಪ್ಲರುಗಳ ಪಕ್ಕ ಹತ್ತರ ಪ್ಯಾಕೆಟ್ಟುಗಳು ಬಂದು ಕೂತವು. ಒಮ್ಮೆ ಮೆಟ್ರೋದಲ್ಲಿ, ಬೈಯಪ್ಪನಹಳ್ಳಿಯಲ್ಲಿ ಹತ್ತಿದ ಗುರುತಿಲ್ಲದ ಹುಡುಗನ ಬ್ಯಾಗಿನಲ್ಲಿ ಅದನ್ನು ಕಂಡು ನಾನು ಕೂಗುವುದೊಂದು ಬಾಕಿ.

ಮಹಿಳಾ ದಿನಕ್ಕೆ ಆಫೀಸಿನವರು ಯಶೋದಮ್ಮನವರನ್ನು ಕರೆಸಿದರು. ಅವಳು ಬರುವುದಿಲ್ಲವೆಂದು ಹಟ ಹಿಡಿದಳು. ಅಷ್ಟೇ ಹಟ ಮಾಡಿ ಕರೆದುಕೊಂಡು ಹೋದವಳು ನಾನು. ಹಸನ್ ಭಾಯಿ ಹೊಸ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರೇಮ್‌ಕುಮಾರ್ ಮೈಕು ಹಿಡಿದು ಐಡಿಯಾ ಹೇಗೆ ಹೊಳೆಯಿತು ಎಂದು ಕೇಳಿದರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು. ಅವಳ ಸಂಕೋಚ ಬಿಡಿಸೋಣವೆಂದು ಅವರು ಒಂದು ಪಟ್ಟಿ, ಸೂಜಿ, ದಾರ ತಂದು ಮೇಜಿನ ಮೇಲಿಟ್ಟರು. "ಒಂದೇ ಒಂದು ಹುಕ್ ಹಾಕಿ ತೋರ್ಸಿ ಮೇಡಂ."

ಸೂಜಿಗೆ ದಾರ ಪೋಣಿಸಿರಲಿಲ್ಲ. ಶರ್ಫುನ್ನೀಸಾ ಬಂದಿರಲಿಲ್ಲ.

ಚಿಕ್ಕಮ್ಮ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸಲು ಹೋದಳು. ದಾರ ಸೂಜಿಯಿಂದ ಅರ್ಧ ಬೆರಳು ಆಚೆಗೆ ಹೋಯಿತು. ಮತ್ತೆ ಹಾಗೇ ಆಯಿತು. ಮೂರನೇ ಸಲ ಸೂಜಿಯೇ ಕೈಜಾರಿತು. ಅವಳು ಅದನ್ನು ಹುಡುಕುತ್ತಾ ಮೇಜನ್ನು ತಡವತೊಡಗಿದಳು. ಸೂಜಿ ಅವಳ ಕಣ್ಣೆದುರಿಗೇ ಇತ್ತು. ಇನ್ನೂರು ಜನ ನೋಡುತ್ತಿದ್ದರು.

"ಇದು ನನ್ ಬುದ್ಧಿ ಅಲ್ಲಪ್ಪ," ಎಂದಳು ಅವಳು, ಮೈಕಿನಿಂದ ದೂರವೇ. "ಕಣ್ಣು ಕಾಣ್ದೆ ತಪ್ಪು ಹೊಲ್ದಿದ್ದು. ಹಸನ್ ಭಾಯಿ, ಎಲ್ಲಿದ್ದೀರಾ? ನನ್ನ ಮಿಷನ್ನಿಂದ ಎಬ್ಬಿಸ್ಬೇಡಿ."

ಹಸನ್ ಭಾಯಿ ಓಡಿಹೋಗಿ ಅವಳ ಎಡಗೈ ಹಿಡಿದು ಬಿಡಿಸಿ ನೋಡಿದರು. ತೋರುಬೆರಳಿನ ತುಂಬ ಮಿಷನ್ ಸೂಜಿ ಚುಚ್ಚಿದ ಕಲೆಗಳು. ತರಕಾರಿ ಹೆಚ್ಚುವಾಗ ಆಗಿದ್ದು ಎಂದು ಅವಳು ನನಗೆ ಹೇಳಿದ್ದಳು, ನಾನು ನಂಬಿದ್ದೆ.

"ಯಾ ಅಲ್ಲಾ," ಎಂದರು ಅವರು. "ಆ ಮಿಷನ್ ನಿಮ್ದೇ ಆಪಾ. ಯಾರ್ ಎಬ್ಬಿಸ್ತೀನಿ ಅಂದ್ರು? ಮೊದ್ಲು ಆಸ್ಪತ್ರೆಗೆ ನಡೀರಿ."

ಬಲಗಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಮಾಡಿ ತೆಗೆದರು. ಎಡಗಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರವೇ ಸತ್ತಿದೆ, ಆ ದೃಷ್ಟಿ ಇನ್ನು ಬರುವುದಿಲ್ಲ ಎಂದರು ಡಾಕ್ಟರು. "ಏಳೆಂಟು ತಿಂಗಳು ಮುಂಚೆ ಬಂದಿದ್ರೆ ಆಗ ಇದ್ದಷ್ಟನ್ನಾದ್ರೂ ಉಳಿಸ್ಬಹುದಿತ್ತು," ಎಂದೂ ಸೇರಿಸಿದರು.

ಮನೆಗೆ ಬಂದ ಮೇಲೆ ನಾನು ಸಿಟ್ಟು ತಡೆಯಲಾರದೆ ಕೂಗಾಡಿದೆ. "ಹಸನ್ ಭಾಯಿ ಅಷ್ಟ್ ಒಳ್ಳೇವ್ರು, ಒಂದ್ ಮಾತು ಹೇಳಕ್ಕೆ ನಿಂಗೇನಾಗಿತ್ತು ಚಿಕ್ಕಮ್ಮಾ?"

ಚಿಕ್ಕಮ್ಮ ಮಂಚದ ಮೇಲೆ ಕೂತು, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳಲು ಮುಖ ಮೇಲೆತ್ತಿದ್ದಳು. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ.

"ಆ ಪಟ್ಟಿ ಹಾಳಾದ್ಮೇಲೆ ನಂಗೂ ಹೆದ್ರಿಕೆ ಆಗೋಗಿತ್ತು ಕಣೇ. ಆ ಶನಿವಾರ ಹೇಳ್ಬಿಡೋಣ ಅಂತ್ಲೇ ನಿನ್ಜೊತೆ ಬಂದೆ. ಬಾಯಿ ತೆಗ್ಯೋದ್ರೊಳ್ಗೆ ಅದು ನನ್ ಐಡಿಯಾ ಅಂದ್ಬಿಟ್ಟೆ ನೀನು. ಅವ್ರು ಅಷ್ಟ್ ಖುಷಿ ಪಟ್ರು, ಆಮೇಲೆ ಹೆಂಗೆ ಹೇಳ್ಲಿ?"

ನಾನು ಡ್ರಾಪ್ಸ್ ಬಾಟಲಿ ಹಿಡಿದುಕೊಂಡು ನಿಂತೇ ಇದ್ದೆ. "ಹಾಕೇ, ಕತ್ತು ನೋಯ್ತಿದೆ," ಎಂದಳು ಚಿಕ್ಕಮ್ಮ.