ಸುರ್ ಹಿಡಿದ ಮಾಲೀಕರು

ಹುಬ್ಬಳ್ಳಿಯಲ್ಲಿ ಮದುವೆ ಬ್ಯಾಂಡು ಅಂದರೆ ನನಗೆ ಒಂದೇ ಹೆಸರು, ಮಕಬೂಲಸಾಬರದು. ಬೇರೆ ಕಂಪನಿಗಳೂ ಛಲೋ ಇವೆ ಅಂತ ನೀವು ವಾದ ಮಾಡಬಹುದು. ಮಾಡಿ, ನಾನಂತೂ ಕೇಳುವುದಿಲ್ಲ. ಈ ಬ್ಯಾಂಡಿನ ಹಿಂದೆ ತಿರುಗಿ ತಿರುಗಿಯೇ ನನ್ನ ಚಪ್ಪಲಿ ಸವೆದಿವೆ.

ಸಾಬರು ಮೊದಲು ರೇಲ್ವೆ ವರ್ಕ್‌ಶಾಪಿನಲ್ಲಿ ತಗಡು ಬಡಿಯುತ್ತಿದ್ದರು. ಬೆಳಗಾವಿಯಲ್ಲಿ ಪಲ್ಟನ್ನಿನ ಹಳೇ ತುತ್ತೂರಿಗಳು ಹರಾಜಿಗೆ ಬಂದಾಗ ಕೊಂಡು ತಂದು, ತಗ್ಗು ಬಿದ್ದಲ್ಲೆಲ್ಲ ತಾವೇ ಬಡಿದು ಸರಿ ಮಾಡಿ, ಓಣಿಯ ಗೆಳೆಯರಿಗೆ ಊದಲು ಕಲಿಸಿ ಕಂಪನಿ ಕಟ್ಟಿದರು. ಕೆಂಪು ಕೋಟುಗಳನ್ನು ಹೆಂಡತಿ ಗುಲ್ಜಾರಬಿ ಹೊಲಿದರು. ಈ ಕಥೆಯನ್ನೆಲ್ಲ ನನಗೆ ಹೇಳಿದವರೂ ಅವರೇ.

ಬ್ಯಾಂಡಿನಲ್ಲಿ ಹಾಡನ್ನು ನಡೆಸುವವನು ಕ್ಲಾರಿನೆಟ್ಟಿನವನು. ಉಳಿದವರೆಲ್ಲ ಅವನ ಬೆನ್ನಿಗೆ. ೧೯೩೪ರಲ್ಲಿ, ಮದುವೆಗಳ ಭರಾಟೆಯಲ್ಲೇ, ಅವನು ಬೇರೆ ಕಂಪನಿ ಸೇರಿಬಿಟ್ಟ. ಮುಂದಿನ ತಿಂಗಳೇ ಅಮ್ಮಿನಬಾವಿಯಲ್ಲಿ ದೊಡ್ಡ ಮನೆತನದ ಮದುವೆ. ಸುತ್ತಲ ಹಳ್ಳಿಯ ಯಜಮಾನರೆಲ್ಲ ಬರುವವರು. ಅಲ್ಲಿ ಹೆಸರು ಕೆಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ, ಕಂಪನಿ ಮುಚ್ಚಿದಂತೆಯೇ.

ಸಾಬರು ಟಾಂಗಾ ಹತ್ತಿ ರಾಯಾಪುರಕ್ಕೆ, ಉಡಚಪ್ಪನವರ ಮನೆಗೆ ಹೋದರು. ಉಡಚಪ್ಪ ಸನಾದಿ ನುಡಿಸುವವರು. ಬ್ಯಾಂಡುಗಳು ಬಂದ ಮೇಲೆ ಸನಾದಿಯನ್ನು ಕೇಳುವವರಿಲ್ಲದೆ ಕಲ್ಲು ಒಡೆಯಲು ಹೋಗುತ್ತಿದ್ದರು.

"ಬರ್ರಿ ಸಾಬರ. ನಮ್ಮ ಊಟಾ ಕಸಗೊಂಡ್ರಿ, ಈಗ ತಾಟೂ ಒಯ್ಯಾಕ ಬಂದೀರೇನು?"

"ಖರೇ ಅಂದ್ರಿ ಉಡಚಪ್ಪಣ್ಣ. ಇಲ್ಲಾ ಅನ್ನೂದಿಲ್ಲ. ಇನ್ನ ಮ್ಯಾಲ ಒಂದ ತಾಟಿನ್ಯಾಗ ಉಣ್ಣೂಣು, ನಮ್ಮ ಕೂಡ ಬರ್ರಿ."

ಉಡಚಪ್ಪ ನಕ್ಕರು. "ನಾ ಬಂದ್ರ ಸುರ್ ಹಿಡಿಯಾವ್ರು ಯಾರು? ನಮ್ಮ ತಮ್ಮ ಮುಂಬೈ ಗಿರಣಿ ಸೇರ್‍ಯಾನ. ನಿಮ್ಮ ಕೋಟಿನ ಸಾಹೇಬ್ರು ಹಿಡೀತಾರೇನು?"

ಸನಾದಿಯ ಪಕ್ಕದಲ್ಲಿ ಇನ್ನೊಬ್ಬರು ಒಂದೇ ಸ್ವರವನ್ನು ಉಸಿರು ಕಡಿಯದಂತೆ ಊದುತ್ತಲೇ ಇರಬೇಕು. ಅದೇ ಸುರ್. ಅದಕ್ಕೆ ಶಾಭಾಷ್ ಅನ್ನುವವರಿಲ್ಲ. ಹೊಸದಾಗಿ ಕಲಿಯುವವರ ಕೈಗೆ ಕೊಡುವ ಕೆಲಸ ಅದು.

ಹುಬ್ಬಳ್ಳಿಗೆ ಬಂದು ಹೇಳಿದರೆ ತುತ್ತೂರಿಯ ಹುಲಗಪ್ಪ ಸಿಡಿದೆದ್ದ. "ಮಾಸ್ತರ, ನಾವು ಪಲ್ಟನ್ ತುತ್ತೂರಿ ಊದಾವ್ರು. ಅವ್ರ ಹಿಂದ ಕುಂಯ್ ಅನಕೋಂತ ನಿಂದ್ರಬೇಕೇನ್ರಿ?"

"ನೀ ಬ್ಯಾಡ ಬಿಡೋ. ನಾ ಹಿಡೀತೇನಿ" ಅಂದರು ಸಾಬರು.

ಅಂದದ್ದು ಸುಲಭ! ಗಲ್ಲದಲ್ಲಿ ತುಂಬಿಕೊಂಡ ಗಾಳಿಯನ್ನು ಊದುತ್ತಲೇ ಮೂಗಿನಿಂದ ಉಸಿರು ಎಳೆದುಕೊಳ್ಳಬೇಕು. ಇದಕ್ಕೆ ಒಪ್ಪಿ ಹುಬ್ಬಳ್ಳಿಗೆ ಬಂದ ಉಡಚಪ್ಪ ತಂಬಿಗೆ ನೀರಿನಲ್ಲಿ ಒಂದು ಕೊಳವೆ ಇಟ್ಟು, ಗುಳ್ಳೆ ನಿಲ್ಲದಂತೆ ಊದಲು ಹಚ್ಚಿದರು. ಸಾಬರಿಗೆ ಗುಳ್ಳೆ ನಿಲ್ಲುತ್ತಿತ್ತು, ಕೆಮ್ಮು ಮಾತ್ರ ನಿಲ್ಲುತ್ತಿರಲಿಲ್ಲ. ಗುಲ್ಜಾರಬಿ ನೆರೆಯವರನ್ನು ಕರೆದರು: "ಬಂದು ನೋಡ್ರೆವಾ, ನಮ್ಮ ಮನ್ಯಾಗ ಎಮ್ಮಿ ನೀರು ಕುಡ್ಯಾಕತ್ತೈತಿ!" ಹಾಸ್ಯ ಮಾಡಿದವರೇ, ಗಂಡನಿಗೆ ಗಲ್ಲ ನೊಂದು ಅಗಿಯಲು ಬಾರದಾದಾಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು. ತಿಂದು ಮತ್ತೆ ತಂಬಿಗೆ ಮುಂದೆ ಕೂತರು ಸಾಬರು. ಇದನ್ನು ನೋಡಿ ನೋಡಿ ಹುಲಗಪ್ಪ ಒಂದು ದಿನ ತಾನಾಗಿಯೇ ಬಂದ. ತುತ್ತೂರಿಯ ಕೊಳವೆ ಎಳೆದೂ ಎಳೆದೂ ಸನಾದಿಯ ಸ್ವರಕ್ಕೆ ಹೊಂದಿಸಿಕೊಂಡ.

ಅಮ್ಮಿನಬಾವಿಯಲ್ಲಿ ಮೆರವಣಿಗೆ ಹೊರಟಾಗ ಯಾರೋ ಕೂಗಿದರು: "ಇದೇನ್ ಬ್ಯಾಂಡೋ, ಸನಾದಿಯೋ? ಹುಬ್ಬಳ್ಳ್ಯಾವ್ರು ಅರ್ಧಾ ಅರ್ಧಾ ಕಳಿಸ್ಯಾರ!" ಎಲ್ಲರೂ ನಕ್ಕರು. ಉಡಚಪ್ಪ ಕಣ್ಣು ಮುಚ್ಚಿ ಸನಾದಿ ಎತ್ತಿದರು. ಅವರು ನುಡಿಸಿದ ಸಾಲನ್ನೇ ಹುಲಗಪ್ಪನ ಗುಂಪು ತುತ್ತೂರಿಯಲ್ಲಿ ತಿರುಗಿ ಹೇಳಿತು. ನಡುವೆ ಒಂದೇ ಸಮ ಸಾಬರ ಸುರ್. ಕಟ್ಟೆಗಳ ಮೇಲೆ ಹೆಂಗಸರು ಬಂದು ನಿಂತರು. ಮುದಕವ್ವ ಎಂಬ ಅಜ್ಜಿ ಮೆರವಣಿಗೆಗೇ ಅಡ್ಡ ನಿಂತಳು: "ನನ್ನ ಲಗ್ನದಾಗ ಹಿಂಗ ಊದಿದ್ರಪಾ. ಇನ್ನೊಮ್ಮೆ ಊದ್ರಿ, ಆಮ್ಯಾಲ ಹೋಗ್ರಿ."

ಮದುವೆ ಮನೆಯ ಯಜಮಾನರು ಅಲ್ಲಿಗೇ ಬಂದರು. "ಈ ಮ್ಯಾಳದ ಮಾಲೀಕರು ಯಾರ್ರಿ? ನಮ್ಮ ಸಣ್ಣ ಮಗನ ಲಗ್ನಕ್ಕೂ ಇವ್ರ ಬರಬೇಕು."

ಸಾಬರು ಊದುತ್ತಲೇ ಕಣ್ಣಿನಲ್ಲಿ ಉಡಚಪ್ಪನವರನ್ನು ತೋರಿಸಿದರು. ಉಡಚಪ್ಪ ಸನಾದಿ ಕೆಳಗಿಳಿಸಿದರು. "ನಾ ಅಲ್ರಿ ಯಜಮಾನರ. ಗಲ್ಲಾ ಉಬ್ಬಿಸಿಕೊಂಡ ನಿಂತಾರಲ್ಲ, ಅವ್ರರಿ. ಈಗ ಮಾತಾಡಸಬ್ಯಾಡ್ರಿ, ಸುರ್ ಕಡೀತೈತಿ."

ಆಮೇಲೆ ಸಾಬರು ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಇವತ್ತು ನನ್ನಂಥವರ ಕಿವಿಗೆ ಸನಾದಿ ಬೀಳುತ್ತಿದ್ದರೆ ಅದು ಈ ಇಬ್ಬರ ಪುಣ್ಯ. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಇಲ್ಲಿ ಬರೆದೆ.